ಮದುವೆ ವಿಡಿಯೋದ ಒಳಗಿನ ಚೀಟಿ: ಎನ್‌ಕೋಡರ್ ಸೆಟ್ಟಿಂಗ್ಸ್ ನೋಡುವುದು ಹೇಗೆ, ಮುಚ್ಚುವುದು ಹೇಗೆ?

ಪ್ರಶ್ನೆ: ನಾನು ಹಾಸನದಲ್ಲಿ ಮದುವೆ, ಗೃಹಪ್ರವೇಶದ ವಿಡಿಯೋ ಎಡಿಟಿಂಗ್ ಮಾಡುತ್ತೇನೆ. ಹೋದ ತಿಂಗಳು ಒಂದು ಪಾರ್ಟಿಗೆ ಪೆನ್‌ಡ್ರೈವ್‌ನಲ್ಲಿ ಫೈಲ್ ಕೊಟ್ಟೆ. ಹುಡುಗಿಯ ಚಿಕ್ಕಪ್ಪನ ಮಗ ಸಾಫ್ಟ್‌ವೇರ್ ಇಂಜಿನಿಯರ್. ಅವನು ಫೈಲನ್ನು ಮೀಡಿಯಾಇನ್ಫೋ ಎಂಬ ಸಾಫ್ಟ್‌ವೇರ್‌ನಲ್ಲಿ ತೆರೆದು, 'ಸಿಆರ್‌ಎಫ್ 28 ಹಾಕಿದ್ದೀರಲ್ಲ ಸರ್, 18 ಹಾಕಬೇಕಿತ್ತು, ಕ್ವಾಲಿಟಿ ಇಳಿಸಿ ಕೊಟ್ಟಿದ್ದೀರ' ಎಂದು ಎಲ್ಲರ ಮುಂದೆ ಹೇಳಿಬಿಟ್ಟ. ಅವನು ಕಳಿಸಿದ ಸ್ಕ್ರೀನ್‌ಶಾಟ್ ಜೊತೆಗಿದೆ. ಕೊನೆಗೆ ವಿಡಿಯೋ ಕುಗ್ಗಿಸಲು ನಾನು ಹ್ಯಾಂಡ್‌ಬ್ರೇಕ್ ಎಂಬ ಸಾಫ್ಟ್‌ವೇರ್ ಬಳಸುತ್ತೇನೆ. ಈ ಸೆಟ್ಟಿಂಗ್ಸ್ ಎಲ್ಲಾ ಫೈಲಿನಲ್ಲಿ ಎಲ್ಲಿ ಕೂತಿರುತ್ತವೆ? ನಾನೇ ನೋಡುವುದು ಹೇಗೆ? ಬೇರೆಯವರಿಗೆ ಕಾಣದ ಹಾಗೆ ಮಾಡಬಹುದಾ?

ಉತ್ತರ: ಮೊದಲು ನಿಮ್ಮ ಮರ್ಯಾದೆಯ ವಿಷಯ ಮುಗಿಸೋಣ. ಮೀಡಿಯಾಇನ್ಫೋ ತೋರಿಸಿದ ಸಾಲನ್ನು ಆ ಹುಡುಗ ಓದಿದ್ದಾನೆ, ಆದರೆ ಅರ್ಧ ಮಾತ್ರ. ನೀವು ಕಳಿಸಿದ ಸ್ಕ್ರೀನ್‌ಶಾಟ್‌ನಲ್ಲಿ 'ರೈಟಿಂಗ್ ಲೈಬ್ರರಿ' ಎಂಬುದರ ಎದುರು ಎಕ್ಸ್265 ಎಂದಿದೆ. ಎಕ್ಸ್265 ಎನ್ನುವುದು ಎನ್‌ಕೋಡರ್, ಅಂದರೆ ವಿಡಿಯೋ ಕುಗ್ಗಿಸುವ ಸಾಫ್ಟ್‌ವೇರ್. ಅದು ಕುಗ್ಗಿಸುವ ವಿಧಾನದ ಹೆಸರು ಎಚ್.265, ನಿಮ್ಮ ಫೈಲ್ ಆ ಜಾತಿಯದು. ಅವನು ಹೇಳಿದ 18 ಸಾಮಾನ್ಯವಾಗಿ ಎಕ್ಸ್264, ಅಂದರೆ ಹಳೆಯ ಎಚ್.264 ವಿಧಾನದ ಎನ್‌ಕೋಡರ್, ಬಳಸುವವರ ಬಾಯಲ್ಲಿ ಬರುವ ಸಂಖ್ಯೆ. ಎರಡೂ ಎನ್‌ಕೋಡರ್‌ಗಳಲ್ಲಿ ಸಿಆರ್‌ಎಫ್ ಎಂಬ ಅಳತೆ ಇದೆ. ಎರಡರಲ್ಲೂ ಸಂಖ್ಯೆ ಇಳಿದಷ್ಟೂ ಕ್ವಾಲಿಟಿ ಜಾಸ್ತಿ, ಫೈಲ್ ದೊಡ್ಡದು. ಆದರೆ ಅಳತೆಯ ಪಟ್ಟಿ ಒಂದೇ ಅಲ್ಲ. ಏನೂ ಹೇಳದೆ ಬಿಟ್ಟರೆ ಎಕ್ಸ್264 ತಾನಾಗಿ 23 ಹಿಡಿಯುತ್ತದೆ, ಎಕ್ಸ್265 ತಾನಾಗಿ 28 ಹಿಡಿಯುತ್ತದೆ. ಕಣ್ಣಿಗೆ ಇವೆರಡೂ ಹತ್ತಿರ ಹತ್ತಿರ ಒಂದೇ ಮಟ್ಟ. ಚಪ್ಪಲಿ ಅಂಗಡಿಯಲ್ಲಿ ಒಂದು ಡಬ್ಬದ ಮೇಲೆ 8, ಇನ್ನೊಂದರ ಮೇಲೆ 42 ಅಂತಿರುತ್ತದೆ. ಕಾಲು ಅದೇ ಕಾಲು.

ಹಾಗಂತ ನಿಮ್ಮ 28ನ್ನು ನಾನು ಪೂರ್ತಿ ವಹಿಸಿಕೊಂಡು ಮಾತಾಡುವುದಿಲ್ಲ. ಜರಿ ಸೀರೆ, ಹೋಮದ ಹೊಗೆ, ಮಿಣಮಿಣ ಸೀರಿಯಲ್ ಲೈಟು, ಅಕ್ಷತೆ ಎರಚುವ ಗಳಿಗೆ. ಕಂಪ್ರೆಷನ್ನಿಗೆ ಇದಕ್ಕಿಂತ ಕಷ್ಟದ ದೃಶ್ಯ ಸಿಗುವುದಿಲ್ಲ. ನಾನಾಗಿದ್ದರೆ ಮದುವೆಗೆ ಎಕ್ಸ್265ರಲ್ಲಿ 22ರ ಆಸುಪಾಸು ಇಡುತ್ತಿದ್ದೆ. ಆ ಹುಡುಗನ ಲೆಕ್ಕ ತಪ್ಪು, ಅನುಮಾನ ಪೂರ್ತಿ ತಪ್ಪಲ್ಲ.

ಈಗ ನಿಮ್ಮ ಪ್ರಶ್ನೆ. ಫೈಲಿನ ಯಾವ ಜಾಗದಲ್ಲಿ ಈ ಮಾಹಿತಿ ಇದೆ ಎಂದು ಗೊತ್ತಾಗದೆ ಅಳಿಸಲು ಹೋದರೆ, ಒಂದು ಕಡೆ ಅಳಿಸಿ ಇನ್ನೊಂದು ಕಡೆ ಬಿಟ್ಟುಬಿಡುತ್ತೀರಿ. ಬಹಳ ಜನ ಮಾಡುವುದು ಅದನ್ನೇ.

ಅಂಗಡಿಯಿಂದ ಒಂದು ರೇಷ್ಮೆ ಸೀರೆ ತಂದಿದ್ದೀರಿ ಅಂದುಕೊಳ್ಳಿ. ಡಬ್ಬದ ಮೇಲೆ ಅಂಗಡಿಯ ಸ್ಟಿಕ್ಕರ್ ಇದೆ. ಡಬ್ಬ ತೆಗೆದರೆ ಸೀರೆಯ ಮೊದಲ ಮಡಿಕೆಯೊಳಗೆ ಒಂದು ಚೀಟಿ ಇದೆ: ಯಾವ ಮಗ್ಗ, ಎಷ್ಟು ಎಳೆ, ಯಾವ ಜರಿ. ಸ್ಟಿಕ್ಕರ್ ಕಿತ್ತು, ಚೀಟಿ ಹರಿದು ಹಾಕಿದರೂ ನೇಯ್ಗೆ ಉಳಿಯುತ್ತದೆ. ನೇಕಾರರ ಮನೆಯವರು ಬಟ್ಟೆ ಮುಟ್ಟಿಯೇ ಅರ್ಧ ವಿಷಯ ಹೇಳುತ್ತಾರೆ. ವಿಡಿಯೋ ಫೈಲೂ ಹೀಗೇ ಮೂರು ಪದರ.

ಡಬ್ಬ ಅಂದರೆ ಎಂಪಿ4, ಎಂಕೆವಿ. ಇವು ವಿಡಿಯೋ ಅಲ್ಲ, ವಿಡಿಯೋ, ಆಡಿಯೋ, ಸಬ್‌ಟೈಟಲ್ ಎಲ್ಲವನ್ನೂ ಒಟ್ಟಿಗೆ ಕಟ್ಟುವ ಕಂಟೇನರ್. ಇದರ ಮೇಲೆ ಪ್ಯಾಕ್ ಮಾಡಿದ ಸಾಫ್ಟ್‌ವೇರ್ ತನ್ನ ಹೆಸರು ಬರೆಯುತ್ತದೆ. ಹ್ಯಾಂಡ್‌ಬ್ರೇಕ್ ಆದರೆ ಹ್ಯಾಂಡ್‌ಬ್ರೇಕ್ ಎಂದು ವರ್ಷನ್ ಸಮೇತ. ಕಮಾಂಡ್ ಟೈಪ್ ಮಾಡಿ ಬಳಸುವ ಎಫ್‌ಎಫ್‌ಎಂಪೆಗ್ ಎಂಬ ಸಾಫ್ಟ್‌ವೇರ್ ಆದರೆ 'ಲಾವ್‌ಎಫ್' ಎಂದು ಮುಂದೊಂದು ನಂಬರ್. ಎಂಕೆವಿಯಲ್ಲಿ ಪ್ಯಾಕ್ ಮಾಡಿದ ಸಾಫ್ಟ್‌ವೇರ್ ಹೆಸರಿನ ಜಾಗ ಕಡ್ಡಾಯ, ಖಾಲಿ ಬಿಡುವ ಹಾಗಿಲ್ಲ. ಬೇಕಿದ್ದರೆ ಬದಲಾಯಿಸಬಹುದು ಅಷ್ಟೇ.

ನಿಮ್ಮನ್ನು ಸಿಕ್ಕಿಹಾಕಿಸಿದ್ದು ಡಬ್ಬವಲ್ಲ, ಮೊದಲ ಮಡಿಕೆಯ ಚೀಟಿ. ಎಚ್.264, ಎಚ್.265 ಎರಡರಲ್ಲೂ ಚಿತ್ರದ ಡೇಟಾದ ಜೊತೆಗೇ 'ಎಸ್‌ಇಐ' ಎಂಬ ಸಣ್ಣ ಸಣ್ಣ ಸಂದೇಶಗಳನ್ನು ಇಡಲು ಅವಕಾಶ ಇದೆ. ಸಪ್ಲಿಮೆಂಟಲ್ ಎನ್‌ಹಾನ್ಸ್‌ಮೆಂಟ್ ಇನ್ಫರ್ಮೇಶನ್ ಎಂಬುದರ ಗಿಡ್ಡ ಹೆಸರು ಅದು. ಚಿತ್ರವನ್ನು ಬಿಡಿಸಲು ಇದು ಬೇಕೇ ಬೇಕು ಎಂದೇನಿಲ್ಲ, ಪ್ಲೇಯರ್ ಓದಿದರೂ ಸೈ, ಬಿಟ್ಟರೂ ಸೈ. ಇದರಲ್ಲಿ ಒಂದು ವಿಧ 'ಯಾರು ಬೇಕಾದರೂ ಏನು ಬೇಕಾದರೂ ಬರೆದುಕೊಳ್ಳಿ' ಎನ್ನುವಂಥದ್ದು. ಅದರ ಮೊದಲಿಗೆ 16 ಬೈಟ್‌ನ ಒಂದು ಗುರುತಿನ ಸಂಖ್ಯೆ, ಆಮೇಲೆ ಮನಸ್ಸಿಗೆ ಬಂದ ಡೇಟಾ. ಎಕ್ಸ್264 ಈ ಜಾಗದಲ್ಲಿ ತನ್ನ ಹೆಸರು, ವರ್ಷನ್, ಮತ್ತು 'ಆಪ್ಷನ್ಸ್' ಎಂದು ಬರೆದು ಎಲ್ಲಾ ಸೆಟ್ಟಿಂಗುಗಳನ್ನೂ ಸಾಲಾಗಿ ಸಾದಾ ಅಕ್ಷರದಲ್ಲಿ ಬರೆಯುತ್ತದೆ. ಗುಪ್ತ ಭಾಷೆ ಏನೂ ಇಲ್ಲ. ಕಾಪಿರೈಟ್ ಎನ್ನುವ ಜಾಗದಲ್ಲಿ 'ಕಾಪಿಲೆಫ್ಟ್ 2003' ಎಂದು ಶುರುವಾಗುವ ವರ್ಷ ಬೇರೆ ಇರುತ್ತದೆ, ಬರೆದವರ ತಮಾಷೆ. ಎಕ್ಸ್265 ಕೂಡ ಹೀಗೇ ಬರೆಯುತ್ತದೆ, ಇನ್ನೂ ಉದ್ದವಾಗಿ.

ಎಕ್ಸ್264 ಈ ಚೀಟಿಯನ್ನು ಒಂದೇ ಸಲ, ಫೈಲಿನ ಮೊದಲ ಫ್ರೇಮಿನ ಜೊತೆ ಇಡುತ್ತದೆ. ಹಾಗಾಗಿ ಮೂರು ಗಂಟೆಯ ಮದುವೆ ಫೈಲಿನಿಂದ ಮಾಂಗಲ್ಯಧಾರಣೆಯ ಎರಡು ನಿಮಿಷವನ್ನು ಮಾತ್ರ, ಮತ್ತೆ ಎನ್‌ಕೋಡ್ ಮಾಡದೆ ಕತ್ತರಿಸಿ ತೆಗೆದರೆ, ಆ ತುಂಡಿನಲ್ಲಿ ಚೀಟಿ ಇರುವುದಿಲ್ಲ. 'ಮೊನ್ನೆ ಕಾಣಿಸುತ್ತಿತ್ತು, ಇವತ್ತು ಕಾಣಿಸುತ್ತಿಲ್ಲ' ಎಂದು ತಲೆ ಕೆರೆದುಕೊಳ್ಳುವವರಿಗೆ ಬಹಳ ಸಲ ಕಾರಣ ಇದೇ.

ನೋಡುವುದು ಸುಲಭ. ಮೀಡಿಯಾಇನ್ಫೋ ಉಚಿತ, ಫೋನಿಗೂ ಸಿಗುತ್ತದೆ. ವಿಂಡೋಸ್‌ನಲ್ಲಿ ತೆರೆದ ಕೂಡಲೇ ಬರುವ ಚಿಕ್ಕ ನೋಟದಲ್ಲಿ ಎಲ್ಲಾ ಕಾಣಿಸುವುದಿಲ್ಲ. ವ್ಯೂ ಮೆನುವಿಗೆ ಹೋಗಿ ಟೆಕ್ಸ್ಟ್ ಅಥವಾ ಟ್ರೀ ಆರಿಸಿಕೊಳ್ಳಿ. ವಿಡಿಯೋ ಭಾಗದಲ್ಲಿ ಕೆಳಗೆ 'ಎನ್‌ಕೋಡಿಂಗ್ ಸೆಟ್ಟಿಂಗ್ಸ್' ಎಂದು ಉದ್ದದ ಸಾಲು ಬರುತ್ತದೆ. ಲಿನಕ್ಸ್ ಬಳಸುವವರು ಸ್ಟ್ರಿಂಗ್ಸ್ ಎಂಬ ಕಮಾಂಡ್ ಓಡಿಸಿ ಅದರಲ್ಲಿ ಎಕ್ಸ್264 ಎಂದು ಗ್ರೆಪ್ ಕಮಾಂಡಿನಿಂದ ಹುಡುಕಿದರೂ ಸಾಕು, ಸಾದಾ ಅಕ್ಷರ ಅಲ್ವಾ, ಹಾಗೇ ಸಿಗುತ್ತದೆ. ಎಫ್‌ಎಫ್‌ಎಂಪೆಗ್ ಜೊತೆ ಬರುವ ಎಫ್‌ಎಫ್‌ಪ್ರೋಬ್ ಮಾತ್ರ ಸುಮ್ನೆ ಓಡಿಸಿದರೆ ಡಬ್ಬದ ಸ್ಟಿಕ್ಕರನ್ನಷ್ಟೇ ತೋರಿಸುತ್ತದೆ. ಅದರಲ್ಲಿ ಏನೂ ಕಾಣಲಿಲ್ಲ ಎಂದು ನಿಶ್ಚಿಂತೆಯಿಂದ ಇರಬೇಡಿ.

ಆ ಸಾಲನ್ನು ಓದಲು ಸ್ವಲ್ಪ ಅಭ್ಯಾಸ ಬೇಕು. ಉದಾಹರಣೆಗೆ ನನ್ನದೇ ಒಂದು ಹಳೆಯ ಎಕ್ಸ್264 ಫೈಲ್ ತೆಗೆದುಕೊಳ್ಳುತ್ತೇನೆ. ಅದರಲ್ಲಿ 'ರೆಫ್' 3, 'ಸಬ್‌ಎಂಇ' 7, 'ಟ್ರೆಲಿಸ್' 1, 'ಆರ್‌ಸಿ ಲುಕ್‌ಅಹೆಡ್' 40, 'ಸಿಆರ್‌ಎಫ್' 20 ಎಂದಿದೆ. ಚಿತ್ರವನ್ನು ಎಷ್ಟು ಹುಡುಕಿ, ಎಷ್ಟು ಲೆಕ್ಕ ಹಾಕಿ ಕುಗ್ಗಿಸಬೇಕು ಎಂದು ಎನ್‌ಕೋಡರಿಗೆ ಹೇಳುವ ಅಂಕಿಗಳು ಇವು. ಇಂಥ ಅಂಕಿಗಳನ್ನು ವೇಗಕ್ಕೆ ತಕ್ಕಂತೆ ಮೊದಲೇ ಜೋಡಿಸಿಟ್ಟ ಕಟ್ಟಿಗೆ ಪ್ರಿಸೆಟ್ ಎನ್ನುತ್ತಾರೆ. ಮೀಡಿಯಮ್, ಸ್ಲೋ ಎಂಬ ಪ್ರಿಸೆಟ್ ಹೆಸರು ಎಲ್ಲೂ ಇಲ್ಲ. ಎಕ್ಸ್264 ಪ್ರಿಸೆಟ್ ಹೆಸರನ್ನು ಬರೆಯುವುದೇ ಇಲ್ಲ, ಬಿಡಿಸಿದ ಅಂಕಿಗಳನ್ನು ಮಾತ್ರ ಬರೆಯುತ್ತದೆ. ಆದರೆ ಅಂಕಿಗಳಿಂದ ಪ್ರಿಸೆಟ್ ಪತ್ತೆ ಹಚ್ಚಬಹುದು. ಮೇಲಿನದು ಮೀಡಿಯಮ್. ರೆಫ್ 5, ಸಬ್‌ಎಂಇ 8, ಲುಕ್‌ಅಹೆಡ್ 50 ಇದ್ದರೆ ಸ್ಲೋ. ರೆಫ್ 1, ಸಬ್‌ಎಂಇ 2, ಟ್ರೆಲಿಸ್ 0, ಲುಕ್‌ಅಹೆಡ್ 10 ಇದ್ದರೆ ವೆರಿಫಾಸ್ಟ್, ಯಾರೋ ಅವಸರದಲ್ಲಿ ಇದ್ದರು ಎಂದರ್ಥ. ಕ್ಯಾಬ್ಯಾಕ್ 0, ಬಿ-ಫ್ರೇಮ್ 0 ಕಂಡರೆ ಬಹುಶಃ ಅಲ್ಟ್ರಾಫಾಸ್ಟ್, ಅವಸರ ಇನ್ನೂ ಜಾಸ್ತಿ.

ಅದೇ ಸಾಲಿನಲ್ಲಿ 'ಥ್ರೆಡ್ಸ್' ಎಂದು ಒಂದು ಸಂಖ್ಯೆ ಇರುತ್ತದೆ. ನನ್ನ ಫೈಲಿನಲ್ಲಿ 12. ಎಕ್ಸ್264 ತಾನಾಗಿ ಲೆಕ್ಕ ಹಾಕುವಾಗ ಪ್ರೊಸೆಸರಿನ ಥ್ರೆಡ್‌ಗಳ ಒಂದೂವರೆ ಪಟ್ಟು ತೆಗೆದುಕೊಳ್ಳುತ್ತದೆ. 12 ಅಂದರೆ ಆಗ ನನ್ನ ಹತ್ತಿರ ಇದ್ದದ್ದು 8 ಥ್ರೆಡ್‌ನ ಕಂಪ್ಯೂಟರ್. ಎಕ್ಸ್265 ಸಾಲಿನಲ್ಲಿ 'ನ್ಯೂಮಾ ಪೂಲ್ಸ್' ಎಂದು ಇದೇ ವಿಷಯ ಇನ್ನೂ ನೇರವಾಗಿ ಇರುತ್ತದೆ. ನಿಮ್ಮ ಸ್ಕ್ರೀನ್‌ಶಾಟ್‌ನಲ್ಲಿ 8 ಇದೆ, ಹೊಸ ಮಿಷನ್ ತೆಗೆದುಕೊಳ್ಳುವ ಕಾಲ ಬಂದಿದೆ ಅಂತ ಕಾಣುತ್ತದೆ! ಇದರಾಚೆ ನಿಮ್ಮ ಬಗ್ಗೆ ಈ ಚೀಟಿ ಏನೂ ಹೇಳುವುದಿಲ್ಲ. ಹೆಸರಿಲ್ಲ, ಊರಿಲ್ಲ, ಫೋಲ್ಡರ್ ಇಲ್ಲ.

ಇನ್ನು ಮುಚ್ಚುವುದು. ನಿಮ್ಮದು ಎಕ್ಸ್265 ಆದ್ದರಿಂದ ನಿಮಗೆ ಅದೃಷ್ಟ ಇದೆ. ಸ್ಕ್ರೀನ್‌ಶಾಟ್‌ನ ಸಾಲನ್ನೇ ನಿಧಾನವಾಗಿ ಓದಿ. ನಡುವೆ ಎಲ್ಲೋ 'ಇನ್ಫೋ' ಎಂದು ಒಂಟಿ ಪದ ಇದೆ. ಈ ಇಡೀ ಸಾಲನ್ನು ಬರೆಯಿಸಿದ ಸ್ವಿಚ್ ಅದೇ. ಹ್ಯಾಂಡ್‌ಬ್ರೇಕ್‌ನಲ್ಲಿ ವಿಡಿಯೋ ಟ್ಯಾಬಿನ ಕೆಳಗೆ ಹೆಚ್ಚುವರಿ ಆಪ್ಷನ್ ಬರೆಯುವ ಒಂದು ಚೌಕ ಇರುತ್ತದೆ. ಅದರಲ್ಲಿ ಇಂಗ್ಲಿಷ್ ಅಕ್ಷರದಲ್ಲಿ 'ಇನ್ಫೋ' ಎಂದು ಟೈಪ್ ಮಾಡಿ, ಸಮ ಚಿಹ್ನೆ ಹಾಕಿ, 0 ಹಾಕಿ. ನಡುವೆ ಜಾಗ ಬಿಡಬೇಡಿ. ಎಫ್‌ಎಫ್‌ಎಂಪೆಗ್ ಬಳಸುವವರು ಇದನ್ನೇ ಎಕ್ಸ್265 ಪ್ಯಾರಾಮ್ಸ್ ಎಂಬ ಆಪ್ಷನ್ನಿನ ಒಳಗೆ ಕೊಡಬೇಕು. ಎನ್‌ಕೋಡ್ ಮಾಡುವಾಗಲೇ ಚೀಟಿ ಬರೆಯುವುದು ನಿಲ್ಲುತ್ತದೆ. ಚಿತ್ರದಲ್ಲಿ ಒಂದು ಚುಕ್ಕಿಯೂ ಬದಲಾಗುವುದಿಲ್ಲ.

ಎಕ್ಸ್264 ಹಟಮಾರಿ. ಅದರಲ್ಲಿ ಈ ಸ್ವಿಚ್ಚೇ ಇಲ್ಲ. ಬರೆದವರು ಇಡಲಿಲ್ಲ, ಅಷ್ಟೇ. ನನಗೆ ಅವರ ಮೇಲೆ ಸಿಟ್ಟಿಲ್ಲ. ಯಾರೋ ಬಂದು 'ವಿಡಿಯೋ ಹಾಳಾಗಿ ಬಂತು' ಎಂದು ದೂರಿದಾಗ ಆ ಫೈಲ್ ತೆರೆದರೆ ಯಾವ ವರ್ಷನ್, ಯಾವ ಸೆಟ್ಟಿಂಗ್ ಎಂದು ಗೊತ್ತಾಗಬೇಕಲ್ಲ. ಇನ್ನೂ ಒಂದು ಸಂಗತಿ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಎಫ್‌ಎಫ್‌ಎಂಪೆಗ್‌ನ ಎಚ್.264 ಡಿಕೋಡರ್, ಅಂದರೆ ಕುಗ್ಗಿಸಿದ ಚಿತ್ರವನ್ನು ಬಿಡಿಸುವ ಭಾಗ, ಈ ಚೀಟಿಯಿಂದ ಎಕ್ಸ್264ರ ವರ್ಷನ್ ನಂಬರ್ ಓದುತ್ತದೆ. ಹಳೆಯ ವರ್ಷನ್ನುಗಳಲ್ಲಿ ಕೆಲವು ತಪ್ಪುಗಳಿದ್ದವು. ಅಂಥ ಫೈಲ್ ಸಿಕ್ಕಿದರೆ ಡಿಕೋಡರ್ ಆ ತಪ್ಪಿಗೆ ತಕ್ಕಂತೆ ತಾನೇ ಹೊಂದಿಕೊಂಡು ಚಿತ್ರ ಸರಿಯಾಗಿ ಬಿಡಿಸುತ್ತದೆ. ಚೀಟಿ ಹರಿದು ಹಾಕಿದರೆ ಆ ಸುಳಿವು ಹೋಯಿತು. ಮಾಮೂಲಿ ಮದುವೆ ಫೈಲಿಗೆ ಇದರಿಂದ ತೊಂದರೆ ಇಲ್ಲ. ಆದರೆ ಹದಿನೈದು ವರ್ಷದ ಹಿಂದಿನ ಸಂಗ್ರಹವನ್ನು ಒಟ್ಟಿಗೆ 'ಕ್ಲೀನ್' ಮಾಡುತ್ತೇನೆ ಎಂದು ಹೊರಡುವವರು ಎರಡು ಸಲ ಯೋಚಿಸಿ.

ಎಕ್ಸ್264 ಫೈಲಿನಿಂದ ಆಮೇಲೆ ತೆಗೆಯಲು ದಾರಿ ಇದೆ. ಎಫ್‌ಎಫ್‌ಎಂಪೆಗ್‌ನಲ್ಲಿ ಫಿಲ್ಟರ್ ಯೂನಿಟ್ಸ್ ಎಂಬ ಬಿಟ್‌ಸ್ಟ್ರೀಮ್ ಫಿಲ್ಟರ್ ಇದೆ. ಎಚ್.264 ಡೇಟಾ ಸಣ್ಣ ಸಣ್ಣ ಪೊಟ್ಟಣಗಳಾಗಿ ಇರುತ್ತದೆ, ಪ್ರತಿ ಪೊಟ್ಟಣಕ್ಕೂ ಒಂದು ಟೈಪ್ ನಂಬರ್. ಎಸ್‌ಇಐಗೆ 6. ಕೋಡೆಕ್ ಕಾಪಿ ಎಂದು ಕೊಟ್ಟು, ಈ ಫಿಲ್ಟರಿಗೆ ರಿಮೂವ್ ಟೈಪ್ಸ್ 6 ಎಂದು ಹೇಳಿದರೆ, ಮತ್ತೆ ಎನ್‌ಕೋಡ್ ಮಾಡದೆ ಪೊಟ್ಟಣಗಳನ್ನು ಮಾತ್ರ ಆರಿಸಿ ಬಿಸಾಡಿ ಹೊಸ ಫೈಲ್ ಕಟ್ಟುತ್ತದೆ. ಫೈಲ್ ಕಾಪಿ ಆಗುವಷ್ಟೇ ಹೊತ್ತು. ಫಿಲ್ಟರ್ ಮತ್ತು ಆಪ್ಷನ್ ಹೆಸರುಗಳನ್ನು ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ, ಎರಡು ಪದದ ನಡುವೆ ಅಂಡರ್‌ಸ್ಕೋರ್ ಹಾಕಿ ಬರೆಯಬೇಕು. ಎಲ್ಲಾ ಟ್ರ್ಯಾಕುಗಳೂ ಬರಲಿ ಎಂದಿದ್ದರೆ ಮ್ಯಾಪ್ 0 ಮರೆಯಬೇಡಿ, ಇಲ್ಲದಿದ್ದರೆ ಎರಡನೇ ಆಡಿಯೋ ಟ್ರ್ಯಾಕ್ ಅಲ್ಲೇ ಉಳಿಯುತ್ತದೆ.

ಎಚ್.265ನಲ್ಲಿ ಇದೇ ಪೊಟ್ಟಣದ ನಂಬರ್ 39. ಆದರೆ ಅಲ್ಲಿ ಒಂದು ತೊಡಕು ಇದೆ. ಎಂಪಿ4ನಲ್ಲಿ ಈ ಚೀಟಿಯ ನಕಲು ಫ್ರೇಮಿನ ಹತ್ತಿರ ಮಾತ್ರ ಅಲ್ಲದೆ ಡಬ್ಬದ ಹೆಡರಿನಲ್ಲೂ ಇರಬಹುದು. ಫ್ರೇಮಿನದು ಹೋಗಿ ಹೆಡರಿನದು ಉಳಿದರೆ ಮೀಡಿಯಾಇನ್ಫೋ ಮತ್ತೆ ಹಲ್ಲು ಕಿರಿಯುತ್ತದೆ. ಅದಕ್ಕೇ ಎಕ್ಸ್265 ವಿಷಯದಲ್ಲಿ ಎನ್‌ಕೋಡ್ ಮಾಡುವಾಗಲೇ ಸ್ವಿಚ್ ಆಫ್ ಮಾಡುವುದು ಜಾಣತನ.

ಇಲ್ಲಿ ಒಂದು ಎಚ್ಚರಿಕೆ. ಟೈಪ್ 6 ಅಥವಾ 39 ಎಂದು ಕೊಟ್ಟರೆ ಎಕ್ಸ್264ರ ಚೀಟಿ ಒಂದೇ ಹೋಗುವುದಿಲ್ಲ, ಎಸ್‌ಇಐ ಎನ್ನುವುದೆಲ್ಲಾ ಗುಡಿಸಿ ಹೋಗುತ್ತದೆ. ಟಿವಿ ಪ್ರಸಾರದ ಫೈಲುಗಳಲ್ಲಿ ಕ್ಲೋಸ್ಡ್ ಕ್ಯಾಪ್ಷನ್ ಇರುವುದು ಎಸ್‌ಇಐ ಒಳಗೇ. ಬೆಳಕು, ಬಣ್ಣ ಹೆಚ್ಚು ಹಿಡಿಯುವ ಎಚ್‌ಡಿಆರ್ ವಿಡಿಯೋದ ಒಂದು ಬಗೆಯಾದ ಎಚ್‌ಡಿಆರ್10 ಫೈಲಿನಲ್ಲಿ ಮಾಸ್ಟರಿಂಗ್ ಡಿಸ್‌ಪ್ಲೇಯ ಬೆಳಕಿನ ಅಳತೆಗಳು, ಎಚ್‌ಡಿಆರ್10 ಪ್ಲಸ್‌ನಲ್ಲಿ ದೃಶ್ಯದಿಂದ ದೃಶ್ಯಕ್ಕೆ ಬದಲಾಗುವ ಮಾಹಿತಿ, ಇವೂ ಅಲ್ಲೇ. ಸೆಟ್ಟಿಂಗ್ಸ್ ಮುಚ್ಚಲು ಹೋಗಿ ಎಚ್‌ಡಿಆರ್ ವಿಡಿಯೋದ ಬಣ್ಣ ಕೆಡಿಸಿಕೊಂಡರೆ, ನೆಗಡಿಗೆ ಮೂಗು ಕೊಯ್ದ ಹಾಗಾಯಿತು. ನಿಮ್ಮ ಸಾಮಾನ್ಯ ಎಸ್‌ಡಿಆರ್ ಮದುವೆ ಫೈಲಿಗೆ ಈ ಭಯ ಇಲ್ಲ.

ಹಳೆಯ ಕಾಲದ ದಾರಿಯೂ ಒಂದಿದೆ, ಫೈಲಿನ ಒಂದೊಂದು ಬೈಟನ್ನೂ ತೋರಿಸಿ ತಿದ್ದಲು ಬಿಡುವ ಹೆಕ್ಸ್ ಎಡಿಟರ್. ಫೈಲ್ ತೆರೆದು, ಎಕ್ಸ್264 ಎಂದು ಹುಡುಕಿ, 'ಆಪ್ಷನ್ಸ್' ನಂತರದ ಅಕ್ಷರಗಳ ಮೇಲೆ ಖಾಲಿ ಜಾಗ ಬರೆಯುವುದು. ಕೆಲಸ ಮಾಡುತ್ತದೆ, ಬೇರೆ ಎಸ್‌ಇಐ ಯಾವುದನ್ನೂ ಮುಟ್ಟುವುದಿಲ್ಲ. ಎರಡು ನಿಯಮ ಮಾತ್ರ. ಒಂದು, ಉದ್ದ ಒಂದು ಬೈಟೂ ಬದಲಾಗಬಾರದು. ಅಳಿಸಬೇಡಿ, ಮೇಲೆ ಬರೆಯಿರಿ. ಎಂಪಿ4 ತನ್ನ ಪ್ರತಿ ಫ್ರೇಮಿನ ಅಳತೆ, ಜಾಗ ಎರಡನ್ನೂ ಬೇರೆ ಕಡೆ ಬರೆದಿಟ್ಟುಕೊಂಡಿರುತ್ತದೆ, ನೀವು ಹತ್ತು ಬೈಟ್ ಕಿತ್ತರೆ ಮುಂದಿನದೆಲ್ಲಾ ಹತ್ತು ಬೈಟ್ ಹಿಂದೆ ಸರಿಯುತ್ತದೆ. ಎರಡು, ಖಾಲಿ ಜಾಗದ ಅಕ್ಷರವನ್ನೇ ಬರೆಯಿರಿ, ಹೆಕ್ಸ್‌ನಲ್ಲಿ 20. ಸೊನ್ನೆ ಬೈಟ್ ತುಂಬಬೇಡಿ. ಸಾಲಾಗಿ ಸೊನ್ನೆ ಬಂದರೆ ಎಚ್.264ರಲ್ಲಿ ಅದಕ್ಕೆ 'ಹೊಸ ಪೊಟ್ಟಣ ಶುರು' ಎಂಬ ಅರ್ಥ ಬರುವ ಅಪಾಯ ಇದೆ. ಮತ್ತೆ ಕೆಲಸ ಮಾಡುವುದು ಕಾಪಿಯ ಮೇಲೆ, ಮೂಲದ ಮೇಲೆ ಅಲ್ಲ. ಇದನ್ನು ಹೇಳಬೇಕಾಗಿಲ್ಲ, ಆದರೂ ಹೇಳುತ್ತಿದ್ದೇನೆ, ಯಾಕೆಂದರೆ ನಾನೇ ಒಂದು ಸಲ ಮೂಲದ ಮೇಲೆ ಮಾಡಿ ರಾತ್ರಿಯಿಡೀ ಮತ್ತೆ ಎಕ್ಸ್‌ಪೋರ್ಟ್ ಹಾಕಿ ಕೂತಿದ್ದೇನೆ.

ಡಬ್ಬದ ಸ್ಟಿಕ್ಕರ್ ತೆಗೆಯಲು ಎಫ್‌ಎಫ್‌ಎಂಪೆಗ್‌ನಲ್ಲಿ ಮ್ಯಾಪ್ ಮೆಟಾಡೇಟಾ ಮೈನಸ್ 1 ಎಂದು ಕೊಡುತ್ತಾರೆ. ಅದು ಹಳೆಯ ಸ್ಟಿಕ್ಕರ್ ಕಿತ್ತು ತನ್ನ ಹೆಸರಿನ ಹೊಸ ಸ್ಟಿಕ್ಕರ್ ಅಂಟಿಸುತ್ತದೆ! ಅದೂ ಬೇಡ ಎಂದರೆ ಎಫ್‌ಫ್ಲ್ಯಾಗ್ಸ್‌ಗೆ ಬಿಟ್‌ಎಕ್ಸಾಕ್ಟ್ ಸೇರಿಸಬೇಕು. ಆಡಿಯೋ ಕೂಡ ಮರೆಯುವ ಹಾಗಿಲ್ಲ. ಎಫ್‌ಎಫ್‌ಎಂಪೆಗ್‌ನ ಸ್ವಂತ ಎಎಸಿ ಎನ್‌ಕೋಡರ್ ಆಡಿಯೋದ ಮೊದಲ ಫ್ರೇಮಿನೊಳಗೇ ತನ್ನ ವರ್ಷನ್ ಬರೆದಿಡುತ್ತದೆ. ಆಡಿಯೋ ಎನ್‌ಕೋಡ್ ಮಾಡುವಾಗ ಅದಕ್ಕೂ ಬಿಟ್‌ಎಕ್ಸಾಕ್ಟ್ ಫ್ಲ್ಯಾಗ್ ಕೊಟ್ಟರೆ ಬರೆಯುವುದಿಲ್ಲ.

ಇಷ್ಟೆಲ್ಲಾ ಮಾಡಿದ ಮೇಲೆ ಏನೂ ಗೊತ್ತಾಗುವುದಿಲ್ಲವಾ? ಗೊತ್ತಾಗುತ್ತದೆ. ನೇಯ್ಗೆ ಇದೆಯಲ್ಲ. ಎಷ್ಟು ರೆಫರೆನ್ಸ್ ಫ್ರೇಮ್, ಕ್ಯಾಬ್ಯಾಕ್ ಇದೆಯೋ ಇಲ್ಲವೋ, ಬಿ-ಫ್ರೇಮ್ ಎಷ್ಟೆಷ್ಟು, ಕೀಫ್ರೇಮ್ ಎಷ್ಟಕ್ಕೊಂದು, ಡಿಬ್ಲಾಕಿಂಗ್ ಎಷ್ಟು, ಇವೆಲ್ಲಾ ಡಿಕೋಡರಿಗೆ ಬೇಕೇ ಬೇಕಾದ ವಿಷಯಗಳು. ತೆಗೆದರೆ ವಿಡಿಯೋ ಓಡುವುದೇ ಇಲ್ಲ. ಪ್ರತಿ ಬ್ಲಾಕನ್ನು ಎಷ್ಟು ಹಿಂಡಲಾಗಿದೆ ಎಂದು ಹೇಳುವ ಕ್ವಾಂಟೈಸರ್ ಸಂಖ್ಯೆಯೂ ಸ್ಟ್ರೀಮಿನಲ್ಲೇ ಇರುತ್ತದೆ. ಸಿಆರ್‌ಎಫ್ 28 ಎಂಬ ಅಂಕಿ ಸಿಗದಿದ್ದರೂ ಎಷ್ಟು ಹಿಂಡಿದ್ದೀರಿ ಎಂಬುದು ಗೊತ್ತಾಗುತ್ತದೆ. ನಿಜವಾಗಿ ಮುಚ್ಚಿಹೋಗುವುದು ಎನ್‌ಕೋಡರ್ ಹೇಗೆ ಹುಡುಕಿತು ಎಂಬ ಭಾಗ: ಮೋಷನ್ ಹುಡುಕಲು ಹೆಕ್ಸ್ ಬಳಸಿತೋ ಉಮ್ಹ್ ಬಳಸಿತೋ, ಸಬ್‌ಎಂಇ ಎಷ್ಟು, ಟ್ರೆಲಿಸ್, ಸೈಕೋವಿಶುವಲ್ ಅಂಕಿಗಳು, ಎಂಬಿ-ಟ್ರೀ. ಅಡುಗೆ ರುಚಿಯಿಂದ ಉಪ್ಪು ಎಷ್ಟು ಬಿದ್ದಿದೆ ಎಂದು ಹೇಳಬಹುದು, ಯಾವ ಸೌಟಿನಲ್ಲಿ ತಿರುವಿದರು ಎಂದು ಹೇಳಲಾಗದು.

ಇದರ ತಿರುಗುಮುರುಗೂ ನಿಜ. ಮೀಡಿಯಾಇನ್ಫೋದಲ್ಲಿ ಸಾಲು ಕಾಣಲಿಲ್ಲ ಎಂದ ಮಾತ್ರಕ್ಕೆ ಯಾರೋ ಮುಚ್ಚಿಟ್ಟಿದ್ದಾರೆ ಎಂದಲ್ಲ. ಎನ್‌ವಿಡಿಯಾ ಕಾರ್ಡಿನ ಎನ್‌ವೆಂಕ್, ಇಂಟೆಲ್ ಕ್ವಿಕ್ ಸಿಂಕ್ ಎಂಬ ಹಾರ್ಡ್‌ವೇರ್ ಎನ್‌ಕೋಡರ್‌ಗಳು ಇಂಥ ಸಾಲನ್ನು ಬರೆಯುವುದೇ ಇಲ್ಲ. ಇನ್ನು ಸಾಲು ಕಂಡರೂ ಪೂರ್ತಿ ನಂಬಬೇಕಿಲ್ಲ. ಎಫ್‌ಎಫ್‌ಎಂಪೆಗ್‌ನಲ್ಲೇ ಬೇಕಾದ ಪಠ್ಯವನ್ನು ಎಸ್‌ಇಐ ಆಗಿ ಸೇರಿಸುವ ಫಿಲ್ಟರ್ ಇದೆ. 28 ಹಾಕಿ 16 ಎಂದು ಬರೆಯಬಹುದು. ನೀವು ಅದನ್ನು ಮಾಡಬೇಡಿ, ಆ ಹುಡುಗ ನೇಯ್ಗೆ ನೋಡುವುದನ್ನು ಕಲಿತ ದಿನ ನಿಮಗೆ ಮುಖ ಇರುವುದಿಲ್ಲ.

ನಿಜ ಹೇಳಬೇಕೆಂದರೆ ನಿಮ್ಮ ಚಿಂತೆ ತಪ್ಪು ಜಾಗದಲ್ಲಿದೆ. ಸಿಆರ್‌ಎಫ್ ಅಂಕಿ ಯಾರಿಗೆ ಗೊತ್ತಾದರೆ ಏನು? ಕೆಲವು ವರ್ಷದ ಹಿಂದೆ ನಾನು ಒಂದು ಕಂಪನಿಗೆ ಪ್ರಚಾರದ ವಿಡಿಯೋ ಮಾಡಿಕೊಟ್ಟೆ. ದುಡ್ಡು ತಡವಾಗಿ ಕೊಡುವ ಪಾರ್ಟಿ ಅದು. ಸಿಟ್ಟಿನಲ್ಲಿ ನನ್ನ ಕಂಪ್ಯೂಟರಿನಲ್ಲಿ ಅವರ ಫೋಲ್ಡರಿಗೆ 'ಬಾಕಿ ಗಿರಾಕಿ' ಎಂದು ಹೆಸರಿಟ್ಟಿದ್ದೆ. ಫೈಲ್ ಕೊಟ್ಟ ಮಾರನೇ ದಿನ ಅಲ್ಲಿನ ಐಟಿಯವರು ಫೋನ್ ಮಾಡಿ, 'ಸರ್, ಬಾಕಿ ಗಿರಾಕಿ ಅಂದ್ರೆ ನಾವೇನಾ?' ಎಂದರು. ಎಡಿಟಿಂಗ್ ಸಾಫ್ಟ್‌ವೇರ್ ಪ್ರಾಜೆಕ್ಟ್ ಫೈಲಿನ ಪೂರ್ತಿ ದಾರಿ, ಬಳಸಿದ ಕ್ಲಿಪ್ಪುಗಳ ಹೆಸರು ಎಲ್ಲವನ್ನೂ ಎಕ್ಸ್‌ಎಂಪಿ ಎಂಬ ಮೆಟಾಡೇಟಾ ಆಗಿ ಎಂಪಿ4 ಒಳಗೆ ತುಂಬಿತ್ತು. ನಾನು ಎಕ್ಸ್‌ಪೋರ್ಟ್ ವಿಂಡೋದಲ್ಲಿ ಮೆಟಾಡೇಟಾ ಬಟನ್ ಒತ್ತಿ ನೋಡಿರಲಿಲ್ಲ. ಬಾಕಿ ಮಾತ್ರ ಅದೇ ವಾರ ಬಂತು, ಅದು ಬೇರೆ ವಿಷಯ.

ಇಂಥದ್ದನ್ನು ನೋಡಲು ಎಕ್ಸಿಫ್‌ಟೂಲ್ ಬಳಸಿ. ಎಕ್ಸ್‌ಎಂಪಿ, ತಾರೀಕು, ಕ್ಯಾಮೆರಾ ಹೆಸರು ಎಲ್ಲಾ ಬಿಡಿಸಿ ತೋರಿಸುತ್ತದೆ, ಎಂಪಿ4ನಿಂದ ಬಹಳಷ್ಟನ್ನು ಅಳಿಸುತ್ತದೆ ಕೂಡ. ಮೊದಲ ಮಡಿಕೆಯ ಚೀಟಿಯನ್ನು ಮಾತ್ರ ಅದು ಅಳಿಸುವುದಿಲ್ಲ. ಫೋನಿನಲ್ಲಿ ತೆಗೆದ ವಿಡಿಯೋ ಆದರೆ ಇನ್ನೂ ಹುಷಾರು. ಲೊಕೇಶನ್ ಆನ್ ಇದ್ದರೆ ಶೂಟ್ ಮಾಡಿದ ಜಾಗದ ಅಕ್ಷಾಂಶ, ರೇಖಾಂಶ ಫೈಲಿನ ಒಳಗೆ ಕೂತಿರುತ್ತದೆ. ಐಫೋನ್ ಆದರೆ ಮಾಡೆಲ್ ಹೆಸರು, ಐಒಎಸ್ ವರ್ಷನ್ ಸಹ. ಗೃಹಪ್ರವೇಶದ ವಿಡಿಯೋದಲ್ಲಿ ಮನೆಯ ಒಳಗಿನ ಬೀರು, ದೇವರ ಮನೆಯ ಬೆಳ್ಳಿ ಎಲ್ಲಾ ತೋರಿಸಿ, ಅದೇ ಫೈಲಿನಲ್ಲಿ ಮನೆ ಎಲ್ಲಿದೆ ಎಂಬ ಲೆಕ್ಕವನ್ನೂ ಇಟ್ಟು ಹತ್ತು ಜನಕ್ಕೆ ಹಂಚುವುದು ಸರಿಯಾ? ನಿಮ್ಮ ಕೆಲಸದಲ್ಲಿ ಮೊದಲು ತೆಗೆಯಬೇಕಾದ್ದು ಇದು.

ಫೈಲ್ ಯಾವ ದಾರಿಯಲ್ಲಿ ಹೋಗುತ್ತದೆ ಎಂಬುದೂ ಮುಖ್ಯ. ಯೂಟ್ಯೂಬಿಗೆ ಹಾಕಿದರೆ ಅವರೇ ಮತ್ತೆ ಎನ್‌ಕೋಡ್ ಮಾಡುತ್ತಾರೆ, ನೋಡುವವರಿಗೆ ತಲುಪುವುದು ನಿಮ್ಮ ಫೈಲೇ ಅಲ್ಲ. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೋ ಎಂದು ಕಳಿಸಿದರೂ ಕುಗ್ಗಿಸಿಯೇ ಕಳಿಸುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ, ಪೆನ್‌ಡ್ರೈವ್‌ನಲ್ಲಿ ಕೊಟ್ಟರೆ, ಡ್ರೈವ್ ಲಿಂಕ್ ಕೊಟ್ಟರೆ, ಚೀಟಿ ಸಮೇತ ಹೋಗುತ್ತದೆ.

ಒಂದು ಕಡೆ ಮಾತ್ರ ಏನನ್ನೂ ಮುಟ್ಟಬೇಡಿ. ಅಂಗಡಿಯ ಸಿಸಿಟಿವಿ, ಅಪಘಾತದ ವಿಡಿಯೋ, ಯಾವುದೇ ಪೊಲೀಸ್ ಅಥವಾ ಕೋರ್ಟಿಗೆ ಹೋಗಬಹುದಾದ ಫೈಲ್. ನಿಮ್ಮಂಥವರ ಹತ್ತಿರ ಜನ 'ಸ್ವಲ್ಪ ಕಟ್ ಮಾಡಿಕೊಡಿ' ಎಂದು ತರುತ್ತಾರೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಕೊಡುವ ಪ್ರಮಾಣಪತ್ರದಲ್ಲಿ ಫೈಲಿನ ಹ್ಯಾಶ್ ಮೌಲ್ಯ, ಅಂದರೆ ಇಡೀ ಫೈಲಿನಿಂದ ಲೆಕ್ಕ ಹಾಕಿದ ಬೆರಳಚ್ಚಿನಂಥ ಸಂಖ್ಯೆ, ಬರೆಯಬೇಕು. ಒಂದು ಬೈಟ್ ಬದಲಾದರೂ ಹ್ಯಾಶ್ ಬೇರೆಯಾಗುತ್ತದೆ. ಮೂಲವನ್ನು ಹಾಗೇ ಇಟ್ಟುಕೊಳ್ಳಿ ಎಂದು ಹೇಳಿ ಕಳಿಸಿ.

ಈಗ ನಿಮ್ಮ ಹಾಸನದ ಪಾರ್ಟಿ. ಕೊಟ್ಟಾಗಿರುವ ಪೆನ್‌ಡ್ರೈವ್‌ಗೆ ಏನೂ ಮಾಡಲಾಗದು, ಚೀಟಿ ಅವರ ಕೈಯಲ್ಲೇ ಇದೆ. ಪ್ರಾಜೆಕ್ಟ್ ಇನ್ನೂ ಡಿಸ್ಕಿನಲ್ಲಿ ಇದ್ದರೆ ಸಿಆರ್‌ಎಫ್ 22 ಇಟ್ಟು ಇನ್ನೊಂದು ಸಲ ಎಕ್ಸ್‌ಪೋರ್ಟ್ ಹಾಕಿ. ಎರಡು ಕಾಪಿ ಮಾಡಿ. ನಿಮ್ಮ ಹತ್ತಿರ ಉಳಿಯುವ ಕಾಪಿಯಲ್ಲಿ ಇನ್ಫೋ ಇರಲಿ, ಮುಂದಿನ ವರ್ಷ ಅವರ ಮನೆಯ ನಾಮಕರಣಕ್ಕೆ ಕರೆದಾಗ 'ಹೋದ ಸಲ ಏನು ಹಾಕಿದ್ದೆ' ಎಂದು ನೋಡಲು ಬೇಕಾಗುತ್ತದೆ. ಅವರಿಗೆ ಕೊಡುವುದರಲ್ಲಿ ಬೇಕಿದ್ದರೆ ಇನ್ಫೋ ಆಫ್ ಮಾಡಿ. ನನ್ನ ಕೇಳಿದರೆ ಈ ಸಲ ಆಫ್ ಮಾಡದೇ ಕೊಡಿ, ಆ ಹುಡುಗ ಹೇಗೂ ತೆರೆದು ನೋಡುತ್ತಾನೆ. ಎಕ್ಸ್265, 22 ಎಂದು ಅವನೇ ಓದಿ ಹೇಳಲಿ.